ಲೇಟ್ ಮಾರ್ಕು

ಮಿಲ್ಲಿನ ಸೈರನ್ನು ನಿಂತು ಎಷ್ಟು ವರ್ಷವಾದರೂ
ನನಗೆ ಎಚ್ಚರ ಐದೂ ನಲವತ್ತಕ್ಕೇ.
ಟೈಂಕೀಪರ್ ಓಬಳಪ್ಪನ ಮೈಯೊಳಗಿನ
ಚಾವಿ ಇನ್ನೂ ಪೂರ್ತಿ ಇಳಿದಿಲ್ಲ
ಎಂದು ದಾವಣಗೆರೆಯ ಈ ಓಣಿಯೆಲ್ಲ ನಗುತ್ತದೆ.

ಮಾರಕ್ಕ ಜಗಳೂರು ಸಂತೆಯಿಂದ
ಬುಟ್ಟಿ ಮುಚ್ಚಿ ತಂದ ಹ್ಯಾಟೆ ಇದು.
ಕೆಂಗಂದು ಮೈ, ಕುತ್ತಿಗೆ ಬೋಳು.
ಇಡುವ ದಿನ ಹತ್ತಿರ ಬಂದಾಗ ಮನೆಯೆಲ್ಲ ತನಿಖೆ ಮಾಡಿತು:
ಒಲೆಯ ಮೂಲೆ, ಹಿಟ್ಟಿನ ಡಬ್ಬದ ಸಂದಿ,
ಮೊಮ್ಮಗಳ ಸ್ಕೂಲ್ ಬ್ಯಾಗು.
ಕೊನೆಗೆ ಒಪ್ಪಿದ್ದು, ಅಟ್ಟದ ಕೆಳಗೆ ನಾನಿಟ್ಟಿದ್ದ
ಹಳೇ ಮಸ್ಟರ್ ರೋಲಿನ ರಟ್ಟಿನ ಪೆಟ್ಟಿಗೆ.
ಹೆಸರುಗಳ ಮೇಲೆ ಕೂತು
ಕಾಲಲ್ಲಿ ಕೆದರಿ, ಎದೆಯಲ್ಲಿ ಒತ್ತಿ,
ತನ್ನ ಅಳತೆಗೆ ಒಂದು ತಗ್ಗು ಮಾಡಿಕೊಂಡಿತು.

ಮೊದಲ ಮೊಟ್ಟೆ, ಬೆಳಿಗ್ಗೆ ಏಳೂ ಹತ್ತು.
ಇನ್ನೂ ಹಸಿ. ನೋಡುತ್ತಿದ್ದಂತೆ ಅಂಗೈಯಲ್ಲೇ ಆರಿತು.
ಕೈ ಸುಮ್ಮನಿರಲಿಲ್ಲ, ಹಾಳೆಯ ಬೆನ್ನಿಗೆ ಬರೆದೆ.
ಮಾರನೆ ದಿನ ಎಂಟೂ ಇಪ್ಪತ್ತು.
ಆಮೇಲೆ ಒಂಬತ್ತೂ ನಲವತ್ತು.
"ದಿನಾ ತಡ," ಅಂದೆ, "ಯಾವ ಖಾತೆಯವಳೇ ನೀನು?"
ನಾಲ್ಕನೇ ದಿನ ಹನ್ನೊಂದೂಕಾಲು,
ಐದನೇ ದಿನ, ಉಂಡು ತಾಟು ತೊಳೆಯುವಾಗ.
ಆರನೇ ದಿನ ಬರೀ ಕಾಗದದ ತಗ್ಗು.
ಏಳನೇ ದಿನ ಏಳೂ ಹತ್ತಕ್ಕೆ
ಏನೂ ಆಗದವಳ ಹಾಗೆ ಹಾಜರು.
ಆಮೇಲೆ ಓಣಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ.

ಮಾರಕ್ಕ ನಕ್ಕಳು:
"ಅದರ ದಿನಕ್ಕೆ ಒಂದು ತಾಸು ಜಾಸ್ತಿ.
ಭಂಡಾರ ಇಳಿದು, ಬಿಳಿ ಸುತ್ತಿ, ತೊಗಲು ಹೊದ್ದು,
ಆಮೇಲೆ ಸುಣ್ಣದ ಗೋಡೆ ಏಳಬೇಕು,
ರಾತ್ರಿಯೆಲ್ಲ ಒಳಗೆ ಅದೇ ಗಾರೆ ಕೆಲಸ.
ಹೊತ್ತು ಇಳಿದರೆ ನಾಳೆಗೆ ಎತ್ತಿಡ್ತತಿ.
ನಿಮ್ಮ ಗಡಿಯಾರ ನೋಡಿ ಇಡಾಕೆ
ಅದೇನು ನಿಮ್ಮ ಮಿಲ್ಲಿಗೆ ಸೇರೈತಾ?"
ನಿನ್ನೆಯ ಓಡು ಹುರಿದು ಪುಡಿಮಾಡಿ
ಅದರ ಮುಂದೇ ಚೆಲ್ಲಿದಳು. ಮೂಳೆಯಿಂದ ಕಡ ತಂದದ್ದು
ಹೀಗೆ ಚೂರುಚೂರೇ ತೀರುತ್ತದಂತೆ.

ಪುಷ್ಯದ ಗಿಡ್ಡ ಹಗಲಿಗೆ
ಓಣಿಯ ಹ್ಯಾಟೆಗಳೆಲ್ಲ ರಜೆ ಹಾಕಿದವು.
ಇದು ಮಾತ್ರ ನಿಲ್ಲಿಸಲಿಲ್ಲ.
ಗೋಡೆಯಾಚೆ ಜೈಬುನ್ನಿಸಾಳ ಮಂಡಕ್ಕಿ ಭಟ್ಟಿ
ಮೂರಕ್ಕೇ ಉರಿ ಹಚ್ಚಿಕೊಳ್ಳುತ್ತದೆ.
ಕಿಂಡಿಯಿಂದ ಬಿದ್ದ ಆ ಕೆಂಪನ್ನೇ
ಹಗಲೆಂದು ಲೆಕ್ಕ ಹಿಡಿದು
ನೈಟ್ ಶಿಫ್ಟು ದುಡಿಯಿತು, ಹುಚ್ಚಿ.

ಮಾಘದಲ್ಲಿ ಒಂದು ದಿನ, ಮೊಟ್ಟೆಗೆ ಕೈಹಾಕಿದರೆ
ಉಗುರು ಕೆದರಿದ ಹಾಳೆಯೊಂದು ಮೇಲೆ ಬಂದಿತ್ತು.
ರೀಲಿಂಗ್ ಖಾತೆ. ನನ್ನದೇ ಕೆಂಪು ಶಾಯಿ.
ಪಾಲವ್ವ, ಟೋಕನ್ ೩೧೭.
ಸೋಮವಾರ ಹತ್ತು ನಿಮಿಷ ತಡ.
ಮಂಗಳವಾರ ಇಪ್ಪತ್ತೈದು.
ಬುಧವಾರ ಮುಕ್ಕಾಲು ತಾಸು, ಅರ್ಧ ದಿನ ಕಟ್.
ಗುರುವಾರ ಗೈರು.
ಅಲ್ಲಿಂದ ಮುಂದೆ ಉದ್ದಕ್ಕೂ ಅಡ್ಡಗೆರೆ.
ಗೇಟಿನಲ್ಲಿ ಸೆರಗು ಮುಂದಕ್ಕೆಳೆದುಕೊಂಡು ನಿಲ್ಲುತ್ತಿದ್ದಳು,
ಒಂದು ಕೈ ಸೊಂಟಕ್ಕೆ.
ನಾನು ಗಡಿಯಾರ ನೋಡುತ್ತಿದ್ದೆ.

ಆ ಹಾಳೆ ಎಳೆಯಹೋದೆ. ಕುಕ್ಕಿತು.
ರೆಕ್ಕೆ ಹರವಿ, ಮೈ ಉಬ್ಬಿಸಿ, ಮೇವಿಗೂ ಏಳದೆ
ಕಾವಿಗೆ ಕೂತುಬಿಟ್ಟಿದೆ.
ಹೊಟ್ಟಿನಲ್ಲಿ ಕಾದಿಟ್ಟ ಹನ್ನೊಂದನ್ನು
ಮಾರಕ್ಕ ಒಂದೊಂದೇ ಅಡಿಗೆ ತಳ್ಳಿದಳು,
ಭಟ್ಟಿಯ ಹುಂಜನ ಮೇಲೆ ಭರವಸೆ ಇಟ್ಟು.
"ಇನ್ನು ಮೂರು ವಾರ ಮೊಟ್ಟೆ ಇಲ್ಲ.
ಬರೆಯೋದಿದ್ದರೆ ಬೇರೆ ಏನಾದರೂ ಬರ್ಕೊಳ್ರಿ."

ಬರೆದೆ. ದಿನಕ್ಕೊಂದು 'ಹಾ'.
ಇವತ್ತಿನದು ಹದಿನೇಳನೆಯದು.
ಭಟ್ಟಿ ಹೊತ್ತಿದೆ. ಕಿಂಡಿಯ ಬೆಳಕು
ಅದರ ಬೋಳು ಕುತ್ತಿಗೆಯ ಮೇಲೆ.
ಪಾಲವ್ವನ ಹೆಸರು ಅಡಿಯಲ್ಲಿ ಬೆಚ್ಚಗಿರಬೇಕು.
ನೋಡಲು ಕೈ ಹಾಕುವ ಹಾಗಿಲ್ಲ.