ಹತ್ತಿರದ್ದನ್ನು ಒತ್ತಿ

ಹೊಂಗಿಗಡ್ಡಿಯ ದಡದಲ್ಲಿ, ಕೃಷ್ಣೆಯ ನಡುವೆ,
ಬಿಸಿಲಿಗೆ ಟ್ಯಾಬಿನ ಪರದೆ ಕಾಣುವುದಿಲ್ಲ.
ದುಪ್ಪಟ್ಟಾ ಮುಸುಕು ಹಾಕಿ, ಒಳಗೆ ಅಂಗೈಯಗಲ ಕತ್ತಲು ಮಾಡಿಕೊಂಡು
ಕೇಳುತ್ತೇನೆ: ಹೆಸರು?
ಅಂಬಿಗರ ಹುಸೇನಪ್ಪ.
ವಯಸ್ಸು?
ದೊಡ್ಡ ಹೊಳಿ ಬಂದಾಗ ಹಾಲುಹಲ್ಲು ಬಿದ್ದಿದ್ವು, ನೀವೇ ಹಾಕ್ಕೋರಿ.
ಐವತ್ತೆರಡು ಎಂದು ಹಾಕಿದೆ.

ಕಸುಬು?
ಬೋರಲು ಹಾಕಿದ್ದ ಹರಗೋಲನ್ನು
ಬೆರಳ ಗಿಣ್ಣಿನಿಂದ ತಟ್ಟಿದ. ಡಬ್ ಎಂದಿತು.

ಪಟ್ಟಿಯಲ್ಲಿ ಕೋಳಿ ಸಾಕಣೆ ಇದೆ, ಕೊರಿಯರ್ ಇದೆ,
ವಿಮಾನದಲ್ಲಿ ಊಟ ಹಂಚುವವರಿಗೂ ಒಂದು ಸಂಖ್ಯೆ ಇದೆ.
‘ಒಳನಾಡು ಜಲಸಾರಿಗೆ’ ಒತ್ತಿದರೆ ಮಾತ್ರ
ಗಿರಗಿರ ಸುತ್ತಿ ಸುತ್ತಿ
ಟ್ಯಾಬ್ ಸತ್ತು ಮತ್ತೆ ಹುಟ್ಟುತ್ತದೆ.
ಹರಗೋಲೂ ಹಂಗ ಸುತ್ತತೈತ್ರಿ, ಎಂದ,
ಹುಟ್ಟು ಹಾಕಾಕ ಬರದಿದ್ರ.

ರಾಯಚೂರಿಗೆ ಫೋನು ಹಚ್ಚಿದೆ.
ಮೇಲ್ವಿಚಾರಕರ ಬಾಯಲ್ಲಿ ತುತ್ತಿತ್ತು:
ಹತ್ತಿರದ್ದನ್ನು ಒತ್ತಮ್ಮಾ, ಸಂಜೆಗೆ ಮೂವತ್ತು ಮನೆ ಆಗಬೇಕು.

ಹತ್ತಿರದ್ದು ಸಮುದ್ರವಾಗಿತ್ತು.
‘ಸಾಗರ ಮತ್ತು ಕರಾವಳಿ ಪ್ರಯಾಣಿಕರ ಸಾರಿಗೆ.’
ಒತ್ತಿದೆ. ಹಸಿರು ಗುರುತು ಬಿತ್ತು.

ಹೀಗೆ ಹುಸೇನಪ್ಪ
ಉಪ್ಪುನೀರು ಒಮ್ಮೆಯೂ ನೋಡದೆ
ಸಮುದ್ರದ ನೌಕರನಾದ.
ಮುಚ್ಚಿಡುವುದು ತಪ್ಪೆನಿಸಿ ಓದಿ ಹೇಳಿದೆ.
ನಕ್ಕ. ನರಸಮ್ಮಾ, ಕೇಳಿದೇನ, ಎಂದು ಗುಡಿಸಲ ಕಡೆ ಕೂಗಿದ.
ಆಮೇಲೆ ದನಿ ತಗ್ಗಿಸಿ, ಪಕ್ಕಾ ವ್ಯಾಪಾರದವನ ಹಾಗೆ:
ಅಲ್ಲಿ ಒಂದು ತಲಿಗೆ ಎಷ್ಟು ತಗೋತಾರ್ರಿ?
ಆಡಿಗೆ ಬ್ಯಾರೆ ಬಾಡಿಗಿ ಐತೇನು? ಹೆಣಕ್ಕ?
ನಾವು ಹೆಣಕ್ಕೂ ಬಸುರಿಗೂ ತಗೊಳ್ಳಂಗಿಲ್ಲ.
ಅದಕ್ಕೆ ಕಾಲಂ ಇರಲಿಲ್ಲ.

ಹೋದ ವರ್ಷಕ್ಕಿಂತ ಆದಾಯ ಹೆಚ್ಚೋ ಕಡಿಮೆಯೋ?
ಹೆಚ್ಚು. ಮೂರು ಪಟ್ಟು.
ಹುಟ್ಟಿನ ತುದಿಯಿಂದ ತೋರಿಸಿದ:
ಹೊಳೆಯೊಳಗೆ ಹನ್ನೊಂದು ಕಂಬ,
ತಲೆಗಳ ಮೇಲೆ ಬಾಚದ ಕೂದಲಂತೆ ಸರಳು.
ಒಡಿಶಾದ ಹುಡುಗರನ್ನು ಬೆಳಿಗ್ಗೆ ಒಯ್ಯುವುದು, ಸಂಜೆ ತರುವುದು,
ಸಿಮೆಂಟು, ಅವರ ಅಕ್ಕಿ,
ಒಂದು ಸಲ ಎಂಜಿನಿಯರನ ಗಿರಗಿಟ್ಲೆ ಕುರ್ಚಿ.
ದಿನಕ್ಕ ಹದಿನಾರು ಟ್ರಿಪ್ಪು.
ಇಂಥ ಸುಗ್ಗಿ ನಮ್ಮಪ್ಪ ಕಂಡಿದ್ದಿಲ್ರಿ.

ಸೇತುವೆ ಮುಗಿದ ಮೇಲೆ?
ಮುಗೀಲಿ ಬಿಡ್ರಿ.
ನರಸಮ್ಮನ ತಂಗಿ ನಡುಹೊಳ್ಯಾಗ ಹಡೆದಾಳ,
ಹುಟ್ಟು ನನ್ನ ಕೈಯಾಗಿತ್ತು. ಕೂಸು ಉಳೀಲಿಲ್ಲ.
ಮುಗೀಲಿ.

ಟ್ಯಾಬ್ ಕೇಳಿದ್ದು ಹೋದ ವರ್ಷವನ್ನು ಮಾತ್ರ.
ರಾಯಚೂರು ಜಿಲ್ಲೆ, ಸಮುದ್ರ ಸಾರಿಗೆ, ಉದ್ಯೋಗಿ: ಒಬ್ಬ.
ಪ್ರವೃತ್ತಿ: ಏರಿಕೆ.
ಎಲ್ಲೋ ತಂಪು ಕೋಣೆಯಲ್ಲಿ ಯಾರೋ
ಈ ಗೆರೆ ಮೇಲೇಳುವುದು ಕಂಡು ಕನ್ನಡಕ ಒರೆಸಿಕೊಳ್ಳಬಹುದು,
ನಕಾಶೆ ಬಿಡಿಸಿ
ನಮ್ಮ ಬಂದರು ಹುಡುಕಬಹುದು.

ಮರಳುವಾಗ ನನ್ನನ್ನು ಅವನೇ ದಾಟಿಸಿದ.
ಕಂಬದ ನೆರಳು ಹಾಯುವಾಗ ನೀರು ತಣ್ಣಗಾಯಿತು,
ಅಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ.
ಇಳಿದು ಇಪ್ಪತ್ತು ಕೊಟ್ಟೆ.
ನೋಟನ್ನು ಹಿಂದುಮುಂದು ತಿರುವಿದ.
ಇದು ಸಮುದ್ರದ ರೇಟು. ಹೊಳಿಗೆ ಹತ್ತು ಸಾಕ್ರಿ, ಎಂದು
ನಿಂತಲ್ಲೇ, ಒದ್ದೆ ಜೇಬಿನಲ್ಲಿ, ಚಿಲ್ಲರೆ ತಡಕತೊಡಗಿದ.