ನಡುವೆ ನಿಂತವಳು

ಬೆಳಗಿನ ಜಾವ ಮೂರಕ್ಕೆ ಏಳಬೇಕು ನಾನು.
ರೈ ಹಿಟ್ಟಿಗೆ ಗಡಿಯಾರ ಗೊತ್ತು, ಕರುಣೆ ಗೊತ್ತಿಲ್ಲ.
ಅಂಥದರಲ್ಲಿ ರಾತ್ರಿ ಒಂಬತ್ತೂವರೆಗೆ
ತಲೆಯ ಮೇಲೆ ಯಾರೋ ಬೀರು ಎಳೆದ ಹಾಗೆ
ಗರ್ರ್, ಒಂದು ಗೇಣು. ಮೌನ. ಮತ್ತೆ ಗರ್ರ್.
ನಡುನಡುವೆ ಅದೇ ಹಾಡಿನ ಅದೇ ಮೊದಲ ಸಾಲು.

ಬೈಯಲೆಂದೇ ಮೆಟ್ಟಿಲು ಹತ್ತಿದೆ.
ತುರ್ಕುವಿನ ನವೆಂಬರ್. ಮೆಟ್ಟಿಲ ಕಿಟಕಿಯಾಚೆ
ಔರಾ ನದಿ ಕಪ್ಪಗೆ, ಇನ್ನೂ ಹೆಪ್ಪುಗಟ್ಟಿರಲಿಲ್ಲ.
ಬಾಗಿಲು ತೆರೆದ ತೈಸ್ತೊ, ಬಾಯಲ್ಲಿ ಪೆನ್ಸಿಲು,
ಕೊರಳಲ್ಲಿ ಅಳತೆಪಟ್ಟಿ.
ನಾನು ಬೈದದ್ದು ಅವನ ಎಡಗಿವಿಯ ಕಡೆಯಿಂದ.
ಅದು ಹಡಗುಕಟ್ಟೆಯಲ್ಲೇ ಉಳಿದುಬಿಟ್ಟಿದೆ,
ಮೂವತ್ತು ವರ್ಷದ ಸುತ್ತಿಗೆಗಳ ಜೊತೆ.
ಬಲಕ್ಕೆ ಬಂದು ಮತ್ತೊಮ್ಮೆ ಬೈದೆ.
ಪೂರ್ತಿ ಕೇಳಿಸಿಕೊಂಡು ಅಂದ:
"ನಿನಗೆ ಎರಡೂ ಕಿವಿ ಕೇಳುತ್ತಾ?"

ಬೂಟು ಬಿಡಿಸಿ, ಕಾಫಿ ಕೊಟ್ಟು, ಕುರ್ಚಿಗೆ ಕೂರಿಸಿದ.
ಎದುರಿಗೆ ಎದೆಯೆತ್ತರದ ಎರಡು ಸ್ಪೀಕರು,
ಮೂಲೆಗೆ ಒತ್ತಿಕೊಂಡು, ಬೈಸಿಕೊಂಡ ಮಕ್ಕಳ ಹಾಗೆ.
ಮುಳ್ಳು ತಟ್ಟೆಗೆ ತಾಗಿದ್ದೇ ತಡ
ಮಂದ್ರವೆಲ್ಲ ಉಬ್ಬಿ ಪಾತ್ರೆಯಂಚು ದಾಟಿ ಸುರಿಯಿತು.
"ಹುಳಿ ಹೆಚ್ಚಾಗಿದೆ" ಅಂದೆ.
ನನಗೆ ಗೊತ್ತಿರುವ ಭಾಷೆ ಅದೊಂದೇ.
ಅವನಿಗೆ ಅರ್ಥವಾಯಿತು.
ಗೋಡೆಯಿಂದ ಒಂದು ಮೊಳ ಮುಂದೆ ತಂದ.
"ಈಗ?"
"ಒಳಗಿನ್ನೂ ಬೆಂದಿಲ್ಲ."
ಎರಡು ಬೆರಳು.
"ಈಗ?"

ದಾರ ಹಿಡಿದು ಅಳೆದ: ಇದರಿಂದ ಅದಕ್ಕೆ ಎಷ್ಟೋ
ಎರಡರಿಂದಲೂ ನನ್ನ ಮೂಗಿಗೆ ಅಷ್ಟೇ.
ಮುಖಗಳನ್ನು ಚೂರು ಒಳಕ್ಕೆ ತಿರುಗಿಸಿದ,
ನನ್ನ ಹೆಗಲಾಚೆ ಇನ್ನಾರನ್ನೋ ನೋಡುವಷ್ಟು.
ಪಕ್ಕದ ಗೋಡೆಯ ಮೇಲೆ ಕ್ಷೌರದ ಕನ್ನಡಿ ಜಾರಿಸುತ್ತ ಹೋದ.
"ಇದರಲ್ಲಿ ಸ್ಪೀಕರು ಕಂಡಾಗ ಹೇಳು.
ಅದು ಕಾಣುವ ಜಾಗದಿಂದಲೇ ಸದ್ದು ಪುಟಿದು ಬಂದು
ಹಾಡಿಗೆ ಅಡ್ಡಮಾತಾಡೋದು."
ಮೊದಲು ಕಂಡದ್ದು ನಾನೇ, ಕೂದಲಲ್ಲಿ ಹಿಟ್ಟು.
ಆಮೇಲೆ ಅದು. "ಅಲ್ಲೇ!"
ಅಲ್ಲೊಂದು ಉಣ್ಣೆಯ ಕಂಬಳಿ ತೂಗುಹಾಕಿದ,
ಅವನಮ್ಮ ನೇಯ್ದದ್ದು, ಕೆಂಪು, ಒಂದಂಚು ನುಸಿ ತಿಂದದ್ದು.

ಚೂಪುಗಾಲುಗಳ ಕೆಳಗೆ ಹಳೆಯ ಪೆನ್ನಿ ನಾಣ್ಯ,
ಯೂರೋ ಬಂದ ಮೇಲೆ ಎಲ್ಲೂ ನಡೆಯದವು.
ಎಂಟು ಕಾಲಿಗೆ ಎಂಟು.
ನಡೆಯದ ದುಡ್ಡು ನಿಲ್ಲಿಸಲಿಕ್ಕಾದರೂ ಬಂತು
ಅಂದು ತಾನೇ ನಕ್ಕ.

ಹನ್ನೊಂದಾಗಿತ್ತು. ಹನ್ನೊಂದೂಕಾಲು? ನೋಡಲಿಲ್ಲ.
ಅದೇ ಹಾಡು, ಅದೇ ಮೊದಲ ಸಾಲು,
ಇದ್ದಕ್ಕಿದ್ದ ಹಾಗೆ ಪೆಟ್ಟಿಗೆಗಳು ಬರಿಯ ಮರವಾದವು.
ಯಾವುದರಿಂದಲೂ ಏನೂ ಬರುತ್ತಿಲ್ಲ.
ಎರಡರ ನಡುವೆ, ಏನೂ ಇಲ್ಲದ ಕಡೆ,
ಒಬ್ಬಳು ನಿಂತಿದ್ದಾಳೆ. ಉಸಿರೆಳೆದುಕೊಂಡಳು.
ಅವಳ ಎಡಕ್ಕೆ, ಒಂದು ಹೆಜ್ಜೆ ಹಿಂದೆ,
ಅಕಾರ್ಡಿಯನ್ನಿನ ತಿದಿ ಬಿಚ್ಚಿಕೊಳ್ಳುವ
ಚರ್ಮದ ಸದ್ದು.

"ಬಂದಳಾ?" ಅಂದ ನನ್ನ ಮುಖ ನೋಡಿ. "ಎಲ್ಲಿ?"
ಬೆರಳು ತೋರಿಸಿದೆ,
ಕಿಟಕಿಗಿಂತ ಈಚೆ, ದೀಪಕ್ಕಿಂತ ಆಚೆ.
ಹೋಗಿ ನಿಂತ. "ಇಲ್ಲಾ?"
"ಚೂರು ಬಲಕ್ಕೆ."
ಸರಿದ. "ಎತ್ತರ?"
"ನಿನ್ನ ಗದ್ದದಷ್ಟು."
ತಲೆ ಬಗ್ಗಿಸಿದ,
ತನ್ನ ಗದ್ದದ ಕೆಳಗಿನ ಗಾಳಿಯ ನೆತ್ತಿ ನೋಡುವ ಹಾಗೆ.
ಹಾಡು ಮುಗಿಯುವವರೆಗೂ ಅಲ್ಲಾಡಲಿಲ್ಲ.
ಅವನು ಅಡ್ಡ ನಿಂತದ್ದರಿಂದ ದನಿ ತುಸು ಮಂಕಾಯಿತು.
ಹೇಳಲಿಲ್ಲ ನಾನು.

ಹೊರಡುವಾಗ ಮಿಕ್ಕ ಒಂದು ನಾಣ್ಯ ಕೈಗಿಟ್ಟ:
"ನಿನ್ನ ಅಡುಗೆಮನೆ ಮೇಜು ಕುಂಟುತ್ತೆ.
ದಿನಾ ಬೆಳಗ್ಗೆ ಮೂರೂಕಾಲಿಗೆ
ಮೇಲಕ್ಕೆ ಕೇಳಿಸುತ್ತೆ.
ಒಂದೇ ಕಿವಿ ಸಾಕು ಅದಕ್ಕೆ."