ಎಂಟು ಅಡಿ ಬಂಡಿದಾರಿ

ಬ್ಯಾಡಗಿ ಕೋರ್ಟಿನಾಗ ಮೊದಲ ಸಾಕ್ಷಿ ಮೆಣಸಿನಕಾಯಿ.
ಜನವರಿ ಬಂತಂದ್ರ ಪ್ಯಾಟಿ ಘಾಟು ಕಿಟಕಿ ಹಾದು
ಜಡ್ಜಸಾಹೇಬ್ರಿಗೂ ಸೀನು, ಕಳ್ಳಗೂ ಸೀನು,
ಹೆಸರು ಕೂಗೋ ಪಟ್ಟೇವಾಲಗೂ ಸೀನು.
ನಮ್ಮ ಸಾಹೇಬ್ರು ಮಾತ್ರ ಸೀನ್ತಿದ್ದಿಲ್ಲ.
ಪಾಟೀಸವಾಲಿನ ನಡುವ ಮೂಗು ಹಿಡಿದು ನಿಂತ್ರಂದ್ರ
ಕಟಕಟಿಯಾಗಿನವ ಅಷ್ಟಕ್ಕ ಹೆದರಿ
ಖರೇ ಹೇಳಿಬಿಡ್ತಿದ್ದ.

ನಾನು ದಾವಲಸಾಬ, ಅವರ ಗುಮಾಸ್ತ, ಮೂವತ್ತೊಂದು ವರ್ಷ.
ಎಂ. ಜಿ. ಅಳಲಗೇರಿ, ಬಿ.ಎ., ಎಲ್‌ಎಲ್.ಬಿ. ಅಂತ
ಬೋರ್ಡಿಗೆ ಬಣ್ಣ ಬರಸಿದವ ನಾನ.
ಮುಂದ ಇನ್ನೊಂದು ಸಾಲು ಬೇಕಾದೀತಂತ
ಜಾಗಾ ಬಿಟ್ಟಿದ್ದಿಲ್ಲ.

ಫಕ್ಕೀರವ್ವ ಬಂದಾಗ ಕೈಯಾಗ ಕಾಗದಪತ್ರ ಇರಲಿಲ್ಲ, ಒಂದು ಹಗ್ಗ ಇತ್ತು.
"ಇಷ್ಟ ಅಗಲ ಇತ್ರೀ ಹೊಲದ ದಾರಿ, ನಮ್ಮ ಮಾವನ ಕಾಲಕ್ಕ.
ಬಾಜೂದವ್ರು ಬದು ಸರಿಸಿ ಸರಿಸಿ
ಈಗ ಆಡು ಹೋಗಬೇಕಂದ್ರೂ ಉಸಿರು ಹಿಡೀಬೇಕು."
ಸಾಹೇಬ್ರು ಹಗ್ಗ ಅಳದ್ರು. ಎಂಟು ಅಡಿ.
ಫೀಸು, ಒಂದು ಸೇರು ಅಲಸಂದಿ.
ಹಗ್ಗಕ್ಕ ನಿಶಾನಿ ಹಾಕಾಕ ಕೋರ್ಟು ಒಪ್ಪಲಿಲ್ಲ,
ಅದರಲೇ ಫೈಲು ಕಟ್ಟಿದೆ.

ಮೊದಲ ಎಲೆಕ್ಷನ್ನಿನ್ಯಾಗ ಠೇವಣಿ ಹೋತು.
ಎರಡನೇದರಾಗ ಎರಡುನೂರಾ ಹನ್ನೊಂದು ಓಟಿನ್ಯಾಗ ಗೆದ್ರು.
ವಿಧಾನಸೌಧದಾಗ ಮೊದಲ ದಿನ ಎದ್ದು ನಿಂತವರ
"ಮಹಾಸ್ವಾಮಿ, ನನ್ನ ಕಕ್ಷಿದಾರರ ಪರವಾಗಿ" ಅಂದುಬಿಟ್ರಂತ.
ಇಡೀ ಸಭಾ ನಕ್ಕಿತು. ಪೇಪರಿನ್ಯಾಗ ಬಂತು.
ಬ್ಯಾಡಗ್ಯಾಗ ಯಾರೂ ನಗಲಿಲ್ಲ.
ಚಾದಂಗಡಿ ಗುರುಪಾದ ಆ ತುಣುಕು ಕತ್ತರಿಸಿ ಗಲ್ಲಾಕ್ಕ ಅಂಟಿಸಿದ:
ಕಕ್ಷಿದಾರರಂದ್ರ ನಾವ ಅಲ್ಲೇನು?

ಆಮ್ಯಾಲೆ ಸಹಕಾರ, ಆಮ್ಯಾಲೆ ಸಣ್ಣ ನೀರಾವರಿ,
ಕಡೀಕ ಲೋಕೋಪಯೋಗಿ.
ಗುದ್ದಲಿಪೂಜಿ ದಿನಕ್ಕ ಎರಡು, ಮೂರು. ನಾಕು ಸಾಲಿನ ರಸ್ತಾ,
ರಸ್ತಾದ ಮ್ಯಾಲೊಂದು ರಸ್ತಾ. ಟಿವ್ಯಾಗ ನೋಡಿದೆ,
ತಲಿ ಮ್ಯಾಲಿನ ಹಳದಿ ಟೊಪಗಿ ಅವರಿಗೆ ದೊಡ್ಡದಾಗಿತ್ತು.

ಸನದು ಅಮಾನತ್ತಿನಾಗ, ಫೈಲೆಲ್ಲಾ ಜೂನಿಯರ್ ಕೈಯಾಗ.
ಹೊಸ ವಕಾಲತ್ತಿಗೆ ಹೆಬ್ಬೆಟ್ಟು ಒತ್ತವ್ವ ಅಂದ್ರ
ಫಕ್ಕೀರವ್ವ ಹೆಬ್ಬೆಟ್ಟು ಮುಷ್ಟಿಯೊಳಗ ಮುಚ್ಚಿಕೊಂಡ್ಳು.
ತಾರೀಖಿಗೊಮ್ಮೆ ತಾನ ಎದ್ದು ನಿಂತು ಹೇಳ್ತಿದ್ಳು:
"ನನ್ನ ವಕೀಲಾ ರಸ್ತಾ ಮಾಡಾಕ ಹೋಗ್ಯಾನ್ರೀ,
ಮುದ್ದತ್ತು ಕೊಡ್ರಿ."
ಕೊಟ್ರು. ಕೊಟ್ಟವರಿಗೆ ವರ್ಗ ಆತು.
ಬಂದವರೂ ಕೊಟ್ರು.

ಒಮ್ಮೆ ಬೆಂಗಳೂರಿಗೆ ಹೋಗಿದ್ದೆ, ಡೈರಿ ಬಗಲಾಗ ಹಿಡಕೊಂಡು.
ಪಾಸು ಬರೂದಕ್ಕ ಮೂರು ತಾಸು.
"ಫಕ್ಕೀರವ್ವಂದು ಯಾವಾಗ ಐತಿ?" ಅಂದ್ರು, ಅದ ಮೊದಲ ಮಾತು.
ನಾನು ಹಾಳಿ ತಿರುವಿ ತಾರೀಖು ಹುಡುಕೂದ್ರಾಗ
ಮೂರು ಮಂದಿ ಗುತ್ತೇದಾರರು ಒಳಗ ಬಂದಿದ್ರು.

ಮೊನ್ನೆ ಸಂಪುಟ ಪುನಾರಚನಾ ಆತು.
ಬುಧವಾರ ಸಾಹೇಬ್ರು ಬಂದ್ರು, ಒಬ್ಬರ.
ಹಿಂದಿನ ಬೆಂಚಿನ್ಯಾಗ ಫಕ್ಕೀರವ್ವನ ಬಾಜೂ ಕುಂತ್ರು.
ಕರೀಕೋಟಿಲ್ಲ. ಬಿಳೀ ಅಂಗಿ, ಇಸ್ತ್ರಿ ಮಡಿಕಿ ಇನ್ನೂ ಸರಕಾರದ್ದು.
ಪಟ್ಟೇವಾಲ ಕೂಗಿದ: "ಫಕ್ಕೀರವ್ವ ಕೋಂ ನಿಂಗಪ್ಪ ತಡಸದ..."
ಆಕೆಗಿಂತ ಮೊದಲ ಎದ್ದವರು ಅವರು.
"ಸನ್ಮಾನ್ಯ ಸಭಾಧ್ಯಕ್ಷರೇ..."

ನಗಬೇಕಾಗಿತ್ತು. ಬಾರಿನವರೆಲ್ಲ ಷರಾಯಿ ನೋಡಿಕೊಂಡ್ರು.
ಹೊಸಾ ಜಡ್ಜು, ಹುಡುಗಿ, ಪೆನ್ನು ಎತ್ತಿ ಹಿಡಿದು
ಮೆತ್ತಗ ಕೇಳಿದ್ಳು: "ತಾವು ಯಾರ ಪರ?"

ಹೇಳಾಕ ಬಾಯಿ ತೆರದ್ರು. ಘಾಟು ಹೊಕ್ಕಿತು.
ಒಂದು ಸೀನು, ಎರಡು, ಮೂರು,
ಕಣ್ಣಾಗ ನೀರು ಬರೂ ಮಟ.

"ಬಂದಾನ್ರೀ," ಅಂದ್ಳು ಫಕ್ಕೀರವ್ವ, ಸೆರಗು ಕೊಡಕೋತ,
"ಒಂದೀಟು ದಮ್ಮು ತಗೊಳ್ಳಲಿ."

ಡೈರಿ ತೆಗದೆ. ಹಾಜರು ಅಂತ ಬರಿಯೂಹಂಗಿಲ್ಲ.
ಗೈರು ಅಂತ ಬರ್‍ಯಾಕ ಕೈ ಬರಲಿಲ್ಲ.
ಸೀನಿದ್ರು, ಅಂತಷ್ಟ ಬರದೆ.